ವಾಚಿಗೆ ನಿಮ್ಮ ಹೆಸರು ಹಾಕುವ ಮುನ್ನ: ಮಾಡಬೇಕಾದ್ದು, ಮಾಡಬಾರದ್ದು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಲ್ಲಿದ್ದುಕೊಂಡು ಸ್ವಂತ ಹೆಸರಿನ ಕೈಗಡಿಯಾರ ತರಬೇಕೆಂದು ಹೊರಟವರಿಗಾಗಿ ಈ ಸೂಚನೆ. ಓದಿ, ಮನೆಯವರಿಗೂ ಓದಿಸಿ, ಆಮೇಲೆ ಹಣ ಕಟ್ಟಿ.

ಇವತ್ತು ವಾಚು ಮಾಡಿಸುವುದು ಕಷ್ಟದ ಕೆಲಸವಲ್ಲ. ಹೊರದೇಶದ ಕಾರ್ಖಾನೆಗೆ ಒಂದು ಚಿತ್ರ ಕಳುಹಿಸಿದರೆ ಸಾಕು. ಮೆಷಿನ್, ಕೇಸ್, ಮುಳ್ಳು, ಬೆಲ್ಟು ಎಲ್ಲವನ್ನೂ ಅವರೇ ಕೂಡಿಸಿ, ಡಯಲ್ ಮೇಲೆ ನಿಮ್ಮ ಹೆಸರು ಅಚ್ಚು ಹಾಕಿ ಕೊಡುತ್ತಾರೆ. ಕಷ್ಟ ಶುರುವಾಗುವುದು ಆಮೇಲೆ. ಮೂರು ವರ್ಷ ಕಳೆದು ಮಡಂತ್ಯಾರಿನ ಒಬ್ಬರ ಕೈಯಲ್ಲಿ ಆ ವಾಚು ನಿಂತರೆ ಅವರು ಯಾರ ಬಾಗಿಲಿಗೆ ಹೋಗಬೇಕು? ಇದಕ್ಕೆ ಉತ್ತರ ಸಿದ್ಧವಿಲ್ಲದಿದ್ದರೆ ನೀವಿನ್ನೂ ಉದ್ಯಮ ಆರಂಭಿಸಿಲ್ಲ, ಸರಕು ತರಿಸಿದ್ದೀರಿ, ಅಷ್ಟೆ.

ಕೆಳಗಿನ ಎಲ್ಲ ಸೂಚನೆಗಳೂ ಒಂದೇ ಮಾತಿನಿಂದ ಹುಟ್ಟಿವೆ: ರಿಪೇರಿಗೆ ದಾರಿ ಮಾಡದೆ ಮಾರಾಟಕ್ಕೆ ಇಳಿಯಬೇಡಿ.

ಮೊದಲು ನಮ್ಮ ರಾಜ್ಯದ ಪಾಠ

ವಾಚಿನ ವಿಷಯದಲ್ಲಿ ಕನ್ನಡನಾಡು ಹೊಸಬರ ಊರಲ್ಲ. ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ನೆರವಿನಿಂದ 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ವಾಚು ಮಾಡತೊಡಗಿತು. ಮುಂದೆ ತುಮಕೂರಿನಲ್ಲೂ ಅದರ ಕಾರ್ಖಾನೆ ಎದ್ದಿತು. ಜನತಾ, ಪೈಲಟ್, ಕಾಂಚನ್ ಎಂಬ ಹೆಸರುಗಳು ಮದುವೆಯ ಉಡುಗೊರೆಯಾಗಿ, ಮೊದಲ ಸಂಬಳದ ಗುರುತಾಗಿ ಮನೆಮನೆಗೆ ಬಂದವು. ಆಮೇಲೆ ಕಾಲ ತಿರುಗಿತು. 1984ರಲ್ಲಿ ಹುಟ್ಟಿದ ಟೈಟಾನ್ ಗಡಿಯಾಚೆಯ ಹೊಸೂರಿನಲ್ಲಿ ಕಾರ್ಖಾನೆ ಹಾಕಿ, ಸೆಲ್ಲಿನಲ್ಲಿ ಓಡುವ ಕ್ವಾರ್ಟ್ಜ್ ವಾಚನ್ನೇ ನಂಬಿ, 1987ರಲ್ಲಿ ಮಾರುಕಟ್ಟೆಗೆ ಇಳಿಯಿತು. ಎಚ್‌ಎಂಟಿಯೂ ಕ್ವಾರ್ಟ್ಜ್ ಮಾಡಿತು, ಆದರೆ ಅದರ ಬಲ ಕೀ ಕೊಡುವ ವಾಚಿನಲ್ಲೇ ಉಳಿಯಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು.

ಕಂಪನಿ ಮುಚ್ಚಿತು, ವಾಚು ಮಾತ್ರ ನಿಲ್ಲಲಿಲ್ಲ. ಅಜ್ಜನ ಜನತಾ ವಾಚನ್ನು ಇಂದಿಗೂ ಪೇಟೆಯ ರಿಪೇರಿಯವರು ತೆರೆದು, ತೊಳೆದು, ಹಳೆಯ ಇನ್ನೊಂದು ವಾಚಿನ ಭಾಗ ಹಾಕಿ ಓಡಿಸಿ ಕೊಡುತ್ತಾರೆ. ಏಕೆಂದರೆ ಆ ಮೆಷಿನ್ ಅವರ ಕೈಗೆ ಗೊತ್ತು, ಭಾಗಗಳೂ ಸಿಗುತ್ತವೆ. ಮಾಡಿದವರು ಇಲ್ಲವಾದ ಮೇಲೂ ಬದುಕುವ ವಾಚೇ ನಿಜವಾದ ವಾಚು. ಈ ಅಳತೆಗೋಲನ್ನು ಮುಂದಿಟ್ಟುಕೊಂಡು ಉಳಿದದ್ದನ್ನು ಓದಿ.

1. ಹೆಸರು

ಮಾಡಬೇಕಾದ್ದು:

- ಹೆಸರು ಮನಸ್ಸಿಗೆ ಬಂದ ದಿನವೇ ಟ್ರೇಡ್‌ಮಾರ್ಕ್ ದಾಖಲೆಗಳಲ್ಲಿ ಹುಡುಕಿ. ವಾಚು, ಗಡಿಯಾರಗಳು ಬರುವುದು 14ನೇ ವರ್ಗದಲ್ಲಿ. ಸ್ಮಾರ್ಟ್ ವಾಚಿನ ಯೋಚನೆಯಿದ್ದರೆ 9ನೇ ವರ್ಗವನ್ನೂ ನೋಡಿ. ಉಚ್ಚಾರದಲ್ಲಿ ಹತ್ತಿರವಾದ ಹೆಸರೂ ತಕರಾರಿಗೆ ಕಾರಣವಾಗುತ್ತದೆ.
- ಅಚ್ಚು ಹಾಕಿಸುವ ಮೊದಲೇ ಅರ್ಜಿ ಹಾಕಿ. ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ಯಮ ಆನ್‌ಲೈನಿನಲ್ಲಿ ಸಲ್ಲಿಸಿದರೆ ಒಂದು ವರ್ಗಕ್ಕೆ ಶುಲ್ಕ 4,500 ರೂಪಾಯಿ. ಅರ್ಜಿ ಟ್ರೇಡ್‌ಮಾರ್ಕ್ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಯಾರಾದರೂ ಆಕ್ಷೇಪ ಹೇಳಲು 4 ತಿಂಗಳ ಕಾಲಾವಕಾಶ ಇರುತ್ತದೆ. ನೋಂದಣಿ ಸಿಕ್ಕರೆ 10 ವರ್ಷ ನಡೆಯುತ್ತದೆ, ಮತ್ತೆ ನವೀಕರಿಸಬಹುದು.
- ಊರಿನ ಹೆಸರು ಇಡುವುದಾದರೆ ಆ ಊರಿಗೆ ಸಲ್ಲುವ ಕೆಲಸ ಮಾಡಿ. ನಿರುಪೇಶ್ ಜೋಶಿ ಮತ್ತು ಮರ್ಸಿ ಅಮಲ್‌ರಾಜ್ ದಂಪತಿ 2018ರಲ್ಲಿ ಆರಂಭಿಸಿದ ಬೆಂಗಳೂರು ವಾಚ್ ಕಂಪನಿ ಊರನ್ನು ಹೆಸರಿಗಷ್ಟೇ ಇಟ್ಟುಕೊಳ್ಳಲಿಲ್ಲ. ವಾಯುಪಡೆ, ಬಾಹ್ಯಾಕಾಶ, ಕ್ರಿಕೆಟ್ಟಿನ ಕಥೆಗಳನ್ನು ವಾಚಿನ ವಿನ್ಯಾಸದೊಳಗೇ ತಂದಿತು.

ಮಾಡಬಾರದ್ದು:

- ದೈವದ ಮುಖ, ದೇವಸ್ಥಾನದ ಗೋಪುರ, ವೇಣೂರಿನ ಬಾಹುಬಲಿಯ ಮೂರ್ತಿ ಇವನ್ನು ಡಯಲ್ ಮೇಲೆ ಹಾಕಬೇಡಿ. ಧಾರ್ಮಿಕ ಭಾವನೆಗೆ ನೋವಾಗುವ ಗುರುತಿಗೆ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ಜಾಗವಿಲ್ಲ. ಕಾಯ್ದೆಗಿಂತ ಮೊದಲು ನೆರೆಹೊರೆಯ ಮನಸ್ಸನ್ನು ನೋಡಿ. ವಾಚು ಕಟ್ಟಿದ ಕೈ ಎಲ್ಲೆಲ್ಲಿಗೂ ಹೋಗುತ್ತದೆ, ಎಲ್ಲವನ್ನೂ ಮುಟ್ಟುತ್ತದೆ.
- ರಾಷ್ಟ್ರಲಾಂಛನ, ರಾಷ್ಟ್ರಧ್ವಜ ಬಳಸಬೇಡಿ. 1950ರ ಮತ್ತು 2005ರ ಕಾಯ್ದೆಗಳು ಇಂಥ ದುರ್ಬಳಕೆಯನ್ನು ತಡೆಯುತ್ತವೆ.
- ನೋಂದಣಿ ಆಗುವ ಮುನ್ನ ವೃತ್ತದೊಳಗಿನ 'ಆರ್' ಗುರುತು ಹಾಕಬೇಡಿ. ಅದಕ್ಕೆ ಕಾಯ್ದೆಯಲ್ಲಿ ದಂಡವಿದೆ. ಅಲ್ಲಿಯವರೆಗೆ 'ಟಿಎಂ' ಸಾಕು.
- ಕಂಬಳದ ಓಟಗಾರರ ಹೆಸರು, ಚಿತ್ರಗಳನ್ನು ಅವರ ಲಿಖಿತ ಒಪ್ಪಿಗೆಯಿಲ್ಲದೆ ಬಳಸಬೇಡಿ. ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರಲ್ಲಿ ಐಕಳ ಕಂಬಳದಲ್ಲಿ 142.50 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಈ ಕಡೆ ತಿರುಗಿ ನೋಡಿತು. ಆ ಕೀರ್ತಿ ಅವರದು, ಅವರು ಓಡಿಸಿದ ಕೋಣಗಳದು. ನಿಮ್ಮ ಪೆಟ್ಟಿಗೆಯ ಮೇಲಿನ ಅಲಂಕಾರವಲ್ಲ.

2. ಮೆಷಿನ್

ಕಾರ್ಖಾನೆಯವರು ಮೂವ್‌ಮೆಂಟ್ ಎನ್ನುವುದನ್ನು ನಮ್ಮ ರಿಪೇರಿಯವರು ಮೆಷಿನ್ ಎನ್ನುತ್ತಾರೆ. ವಾಚಿನ ಜೀವ ಇದು. ಹೊಸ ಕಂಪನಿ ಇದನ್ನು ತಾನೇ ಮಾಡುವ ಕನಸು ಕಾಣಬಾರದು. ದೊಡ್ಡ ಹೆಸರಿನ ಎಷ್ಟೋ ಕಂಪನಿಗಳೂ ಕೊಂಡು ಹಾಕುವುದನ್ನೇ ಮಾಡುತ್ತವೆ, ಅದರಲ್ಲಿ ಅವಮಾನವಿಲ್ಲ.

ಮಾಡಬೇಕಾದ್ದು:

- ಎಲ್ಲೆಡೆ ಸಿಗುವ, ಎಲ್ಲರಿಗೂ ಗೊತ್ತಿರುವ ಮೆಷಿನನ್ನೇ ಆರಿಸಿ. ಸಿಟಿಜನ್ ಬಳಗದ ಮಿಯೋಟಾ 2035 ಕ್ವಾರ್ಟ್ಜ್ ಲೋಕದೆಲ್ಲೆಡೆ ಬಳಕೆಯಲ್ಲಿದೆ. ಕೈಯ ಅಲುಗಾಟದಿಂದಲೇ ಕೀ ಏರುವ ಆಟೊಮ್ಯಾಟಿಕ್ ಬೇಕೆಂದರೆ ಮಿಯೋಟಾ 8215, ಸೀಕೊ ಬಳಗದ ಎನ್‌ಎಚ್ 35 ಇವೆ. ಕೆಟ್ಟರೆ ಇಡೀ ಮೆಷಿನನ್ನೇ ಬದಲಿಸಬಹುದು.
- ಸಮಯ ಹೇಗೆ ನಡೆಯುತ್ತದೆ ಎಂಬುದನ್ನು ಗಿರಾಕಿಗೆ ಮೊದಲೇ ಹೇಳಿ. ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದರಿಂದ ಸಾಮಾನ್ಯ ಕ್ವಾರ್ಟ್ಜ್ ವಾಚು ತಿಂಗಳಿಗೆ ಸುಮಾರು 20 ಸೆಕೆಂಡು ಅತ್ತಿತ್ತ ಆಗಬಹುದು. ಎನ್‌ಎಚ್ 35ರಲ್ಲಿ ದಿನಕ್ಕೇ 20 ಸೆಕೆಂಡು ಹಿಂದೆ ಬೀಳುವುದೂ 40 ಸೆಕೆಂಡು ಮುಂದೆ ಹೋಗುವುದೂ ತಯಾರಕರು ಒಪ್ಪಿದ ಮಿತಿಯೊಳಗಿನದೇ. ಹೆಚ್ಚು ಬೆಲೆ ಕೊಟ್ಟು ಆಟೊಮ್ಯಾಟಿಕ್ ಕೊಂಡವರಿಗೆ ಇದು ತಿಳಿದಿರದಿದ್ದರೆ ವಾರದೊಳಗೆ ಜಗಳಕ್ಕೆ ಬರುತ್ತಾರೆ, ತಪ್ಪು ನಿಮ್ಮದೇ ಆಗುತ್ತದೆ.
- ಬಂದ ಸರಕಿನಲ್ಲಿ ಒಂದೊಂದು ವಾಚನ್ನೂ ಕನಿಷ್ಠ ಮೂರು ದಿನ ಓಡಿಸಿ ನೋಡಿ. ತಾರೀಕು ರಾತ್ರಿ 12ಕ್ಕೆ ಸರಿಯಾಗಿ ಬದಲಾಗುತ್ತದೆಯೇ, ಮುಳ್ಳು ಮುಳ್ಳಿಗೆ ತಾಗುತ್ತದೆಯೇ ಗಮನಿಸಿ.

ಮಾಡಬಾರದ್ದು:

- ಹೆಸರಿಲ್ಲದ ಅಗ್ಗದ ಮೆಷಿನ್ ಹಾಕಬೇಡಿ. ಅಲ್ಲಿ ಉಳಿಸಿದ ಕೆಲವು ನೂರು ರೂಪಾಯಿ ಮೊದಲ ಮಳೆಗಾಲದಲ್ಲೇ ಕೈಬಿಡುತ್ತದೆ.
- ಜಪಾನಿನ ಮೆಷಿನ್ ಇದೆಯೆಂದು 'ಜಪಾನಿನಲ್ಲಿ ತಯಾರಾದ ವಾಚು' ಎನ್ನಬೇಡಿ. ಎರಡೂ ಬೇರೆ. 'ಸ್ವಿಸ್ ಮೇಡ್' ಎಂಬ ಮಾತಿಗಂತೂ ಸ್ವಿಟ್ಜರ್ಲೆಂಡಿನ ಕಾನೂನೇ ಇದೆ: ಮೆಷಿನ್ ಅಲ್ಲಿಯದಾಗಿರಬೇಕು, ಅಲ್ಲೇ ಕೇಸಿಗೆ ಕೂಡಿಸಬೇಕು, ಕೊನೆಯ ತಪಾಸಣೆ ಅಲ್ಲೇ ಆಗಬೇಕು, ತಯಾರಿಕೆಯ ವೆಚ್ಚದಲ್ಲಿ ನೂರಕ್ಕೆ ಕನಿಷ್ಠ 60 ಪಾಲು ಅಲ್ಲಿಯದೇ ಇರಬೇಕು.

3. ಮಳೆ, ಬೆವರು, ತೋಟ

ಬೇರೆ ಊರಿನ ಮಾರ್ಗದರ್ಶಿಗಳು ಹೇಳದ ವಿಷಯ ಇದು. ನಮ್ಮಲ್ಲಿ ವಾಚನ್ನು ಕೊಲ್ಲುವುದು ತೇವ. ಒಂದು ಕಡೆ ನೇತ್ರಾವತಿಯ ಬಯಲು, ಇನ್ನೊಂದು ಕಡೆ ಚಾರ್ಮಾಡಿಯ ಬುಡ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಟ್ಟೆಯೇ ಒಣಗದ ಸೀಮೆಯಲ್ಲಿ ವಾಚಿನ ಹೊಟ್ಟೆ ಒಣಗಿರಬೇಕೆಂದರೆ ಅದಕ್ಕೆ ತಕ್ಕ ಕಟ್ಟುವಿಕೆ ಬೇಕು.

ಮಾಡಬೇಕಾದ್ದು:

- ಕೇಸ್ 316 ಎಲ್ ಸ್ಟೀಲಿನದೇ ಆಗಿರಲಿ. ಹಿತ್ತಾಳೆಯ ಮೇಲೆ ಲೇಪ ಹಾಕಿದ ಕೇಸ್ ಬೆವರಿಗೆ ಸಿಪ್ಪೆ ಎದ್ದು ಕೈಗೆ ಹಸಿರು ಬಳಿಯುತ್ತದೆ.
- ನೀರು ತಡೆಯುವ ಶಕ್ತಿ ಕನಿಷ್ಠ 5 ಎಟಿಎಂ ಇರಲಿ. ಸ್ನಾನಘಟ್ಟದಲ್ಲಿ ಮುಳುಗುವವರು, ಗದ್ದೆಗೆ ಇಳಿಯುವವರು ನಿಮ್ಮ ಗಿರಾಕಿಗಳಾದರೆ 10 ಎಟಿಎಂ ಮಾಡಿಸಿ. ಡಯಲ್ ಮೇಲೆ '30 ಮೀಟರ್' ಎಂದಿದ್ದರೆ 30 ಮೀಟರ್ ಆಳಕ್ಕೆ ಇಳಿಯಬಹುದು ಎಂದಲ್ಲ, ಮುಖ ತೊಳೆಯುವಾಗ ಹನಿ ಬಿದ್ದರೆ ತಡೆದೀತು ಎಂದಷ್ಟೇ ಅರ್ಥ. ಈ ವ್ಯತ್ಯಾಸವನ್ನು ಕನ್ನಡದಲ್ಲಿ ಬರೆದು ಗ್ಯಾರಂಟಿ ಕಾರ್ಡಿನ ಜತೆ ಕೊಡಿ.
- ಹಿಂಬದಿ ಮುಚ್ಚಳ, ಗ್ಲಾಸು, ಕೀ ಕೊಡುವ ಗುಂಡಿ, ಈ ಮೂರು ಕಡೆಯ ರಬ್ಬರ್ ವಾಶರ್ ಹೇಗಿದೆ ನೋಡಿ. ನೀರು ಒಳಗೆ ಬರುವ ದಾರಿಗಳು ಇವೇ. ಸೆಲ್ ಬದಲಿಸುವಾಗ ವಾಶರನ್ನೂ ಬದಲಿಸಬೇಕೆಂದು ರಿಪೇರಿಯವರಿಗೆ ತಿಳಿಸಿ, ವಾಶರನ್ನು ನೀವೇ ಒದಗಿಸಿ.
- ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವವರು, ರಬ್ಬರ್ ಹಾಲು ಗಟ್ಟಿ ಮಾಡಲು ಫಾರ್ಮಿಕ್ ಆಮ್ಲ ಬಳಸುವವರು ಇಲ್ಲಿ ಮನೆಗೊಬ್ಬರಿದ್ದಾರೆ. ಆ ಕೆಲಸದ ಹೊತ್ತಿನಲ್ಲಿ ವಾಚು ಬಿಚ್ಚಿಡಬೇಕೆಂಬ ಎಚ್ಚರಿಕೆಯನ್ನು ಕಾರ್ಡಿನಲ್ಲಿ ಮೊದಲ ಸಾಲಾಗಿ ಬರೆಯಿರಿ.

ಮಾಡಬಾರದ್ದು:

- ಚರ್ಮದ ಬೆಲ್ಟನ್ನು ಮಾತ್ರ ಕೊಟ್ಟು ಸುಮ್ಮನಾಗಬೇಡಿ. ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ, ಬೇಸಗೆಯಲ್ಲಿ ಬೆವರಿಗೆ ನಾರುತ್ತದೆ. ರಬ್ಬರ್, ನೈಲಾನ್ ಅಥವಾ ಸ್ಟೀಲ್ ಚೈನಿನ ಆಯ್ಕೆ ಇರಲೇಬೇಕು. ಬೆಲ್ಟಿನ ಅಗಲ 18, 20, 22 ಮಿಲಿಮೀಟರಿನಂಥ ಎಲ್ಲೆಡೆ ಸಿಗುವ ಅಳತೆಯಲ್ಲಿರಲಿ. ನಿಮ್ಮಲ್ಲಿ ಮಾತ್ರ ಸಿಗುವ ವಿಚಿತ್ರ ಅಳತೆ ಗಿರಾಕಿಗೆ ಹಾಕಿದ ಬೇಡಿ.
- ಕಾರ್ಖಾನೆಯವರು ಕಳುಹಿಸಿದ ಪರೀಕ್ಷೆಯ ಕಾಗದವನ್ನೇ ನಂಬಿ ಕೂರಬೇಡಿ. ಹತ್ತು ವಾಚು ಆರಿಸಿ, ಒತ್ತಡದ ಪರೀಕ್ಷೆ ಮಾಡುವ ಯಂತ್ರವಿರುವ ಕಡೆ ನೀವೇ ಮುಂದೆ ನಿಂತು ನೋಡಿ.

4. ಡಯಲ್ ಮತ್ತು ಅಕ್ಷರ

ಮಾಡಬೇಕಾದ್ದು:

- ಕನ್ನಡ ಅಂಕಿ ಹಾಕುವುದಾದರೆ ಅಕ್ಷರ ಬರೆಯಬಲ್ಲವರಿಂದಲೇ ಬರೆಸಿ. ೬ ಮತ್ತು ೯ ನೋಡಲು ಬಹಳ ಹತ್ತಿರ. ಸಣ್ಣ ಡಯಲ್ ಮೇಲೆ ಒಂದು ಸುರುಳಿ ತಪ್ಪಿದರೆ ಎರಡೂ ಒಂದೇ ಆಗುತ್ತವೆ. ೧೦, ೧೧, ೧೨ ಜೋಡಿ ಅಂಕಿಗಳಾದ್ದರಿಂದ ಹೆಚ್ಚು ಜಾಗ ಬೇಡುತ್ತವೆ. ಹೊರದೇಶದ ಅಚ್ಚಿನವರಿಗೆ ನಮ್ಮ ಅಂಕಿ ಬರೀ ಚಿತ್ರ. ತಪ್ಪಾದರೂ ಅವರಿಗೆ ಕಾಣುವುದಿಲ್ಲ.
- ತುಳು ಲಿಪಿಯ ಆಸೆಯಿದ್ದರೆ ಲಿಪಿ ಬಲ್ಲ ವಿದ್ವಾಂಸರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡಿಗೆ ಸೇರಿದೆ. ಅಂದಾಜಿನಲ್ಲಿ ಬರೆಯುವ ಅಗತ್ಯ ಇನ್ನಿಲ್ಲ.
- ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮುಂದೆ ಒಂದು ಬೆಳಗ್ಗೆ ಕುಳಿತು ನೋಡಿ. 1430ರ ಆ ಕಟ್ಟಡದ ಒಂದು ಕಂಬದಂತೆ ಇನ್ನೊಂದಿಲ್ಲ, ಆದರೂ ಯಾವ ಕಂಬವೂ ಪಕ್ಕದ್ದರೊಡನೆ ಜಗಳವಾಡುವುದಿಲ್ಲ. ಮುಂದೆ ಮೂರು ಬಗೆಯ ವಾಚು ತರುವವರು ಆ ಹೊಂದಾಣಿಕೆಯನ್ನು ಅಲ್ಲಿ ಕಲಿಯಬೇಕು. ಬಸದಿಯ ಚಿತ್ರವನ್ನು ತೆಗೆದು ಅಂಟಿಸುವುದು ಕಲಿಕೆಯಲ್ಲ.

ಮಾಡಬಾರದ್ದು:

- ಹೆಸರುವಾಸಿ ವಾಚುಗಳ ನಕಲು ಬೇಡವೇ ಬೇಡ. ಗಲ್ಫಿನಿಂದ ಬರುವವರ ಕೈಯಲ್ಲಿ ಅಸಲಿಯನ್ನೂ ನಕಲಿಯನ್ನೂ ನೋಡಿ ಪಳಗಿದ ಜನ ನಮ್ಮವರು. ಬಿ.ಸಿ. ರೋಡಿನ ಹುಡುಗನೂ ದೂರದಿಂದಲೇ ಗುರುತಿಸುತ್ತಾನೆ.
- ಮುಳ್ಳು ಮತ್ತು ಡಯಲ್ ಒಂದೇ ಬಣ್ಣದಲ್ಲಿ ಬೇಡ. ಚಾಳೀಸು ಬಂದವರೂ ಮುಸ್ಸಂಜೆಯ ಬಸ್ಸಿನಲ್ಲಿ ಒಂದೇ ನೋಟಕ್ಕೆ ಗಂಟೆ ಓದುವಂತಿರಬೇಕು. ಗಂಟೆ ತೋರಿಸದ ಅಂದ ವಾಚಿಗೆ ಸಲ್ಲದು.

5. ಹಣ

ಮಾಡಬೇಕಾದ್ದು:

- ಬಂಡವಾಳವನ್ನು ಮೂರು ಪಾಲು ಮಾಡಿ. ಒಂದು ಸರಕಿಗೆ, ಒಂದು ಪೆಟ್ಟಿಗೆ, ಪ್ರಚಾರ, ಸಾಗಣೆಗೆ, ಇನ್ನೊಂದು ಗ್ಯಾರಂಟಿ ಮತ್ತು ರಿಪೇರಿಗೆ. ಮೂರನೆಯದನ್ನು ಬೇರೆ ಖಾತೆಯಲ್ಲಿಡಿ, ಮುಟ್ಟಬೇಡಿ.
- ನಿಮ್ಮದೇ ವಿನ್ಯಾಸವಾದರೆ ಹಲವು ಕಾರ್ಖಾನೆಗಳು ಒಂದು ಮಾದರಿಗೆ 300ರಿಂದ 500 ವಾಚಿಗಿಂತ ಕಡಿಮೆ ಮಾಡಿಕೊಡುವುದಿಲ್ಲ. ಆದ್ದರಿಂದ ಒಂದೇ ಮಾದರಿ, ಹೆಚ್ಚೆಂದರೆ ಎರಡು ಬಣ್ಣದಿಂದ ಆರಂಭಿಸಿ.
- ತೆರಿಗೆಯನ್ನು ಮೊದಲೇ ಕೂಡಿ. ಉದಾಹರಣೆಗೆ, 1,000 ರೂಪಾಯಿಯ ವಾಚಿಗೆ ಮೂಲ ಆಮದು ಸುಂಕ ನೂರಕ್ಕೆ 20 ಎಂದು ಹಿಡಿದರೆ 200, ಆ ಸುಂಕದ ಮೇಲೆ ಹತ್ತನೇ ಒಂದು ಪಾಲು ಸಮಾಜಕಲ್ಯಾಣ ಮೇಲ್ತೆರಿಗೆ 20, ಒಟ್ಟು 1,220ರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ 219 ರೂಪಾಯಿ 60 ಪೈಸೆ. ಪೆಟ್ಟಿಗೆ ತೆರೆಯುವ ಮುನ್ನವೇ ವಾಚಿನ ಬೆಲೆ 1,439 ರೂಪಾಯಿ 60 ಪೈಸೆ. ಜಿಎಸ್‌ಟಿ ಪಾಲು ಮುಂದೆ ಹೊಂದಾಣಿಕೆಯಾದರೂ ಇವತ್ತು ಕೈಯಿಂದ ಹೋಗುವ ಹಣ ಅದೇ. ದರ ಬದಲಾಗುತ್ತಿರುತ್ತದೆ. ಆರ್ಡರ್ ಕೊಡುವ ದಿನ ಕಸ್ಟಮ್ಸ್ ಏಜೆಂಟರಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.
- ಉದ್ಯಮ ನಡೆಸುವುದನ್ನೇ ಕಲಿಯದಿದ್ದರೆ ಉಜಿರೆಗೆ ಹೋಗಿ. 1982ರಲ್ಲಿ ಅಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ನಿರುದ್ಯೋಗಿ ಯುವಜನರಿಗೆ ಸ್ವಉದ್ಯೋಗದ ಉಚಿತ ತರಬೇತಿ ಕೊಡುತ್ತದೆ. ದೇಶದೆಲ್ಲೆಡೆಯ ಗ್ರಾಮೀಣ ಸ್ವಉದ್ಯೋಗ ತರಬೇತಿ ಕೇಂದ್ರಗಳಿಗೆ ಮಾದರಿಯಾದದ್ದು ನಮ್ಮ ಈ ಬೆಳ್ತಂಗಡಿ ತಾಲೂಕಿನ ಸಂಸ್ಥೆಯೇ.

ಮಾಡಬಾರದ್ದು:

- ಅಮ್ಮನ ಚಿನ್ನ ಅಡವಿಟ್ಟು, ತೋಟದ ಮೇಲೆ ಸಾಲ ಎತ್ತಿ ಮೊದಲ ಸರಕು ತರಿಸಬೇಡಿ. ವಾಚು ಅಡಿಕೆಯಲ್ಲ. ಬೆಲೆ ಏರಲೆಂದು ದಾಸ್ತಾನು ಇಟ್ಟರೆ ಒಳಗಿನ ಸೆಲ್ ಕರಗುತ್ತದೆ, ಮಾದರಿ ಹಳತಾಗುತ್ತದೆ.
- ಗಿರಾಕಿಗಳಿಂದ ಮುಂಗಡ ಪಡೆದು ಆ ಹಣದಲ್ಲೇ ಸರಕು ಮಾಡಿಸಬೇಡಿ. ಕಾರ್ಖಾನೆ ತಡಮಾಡಿದರೆ ಊರಿಗೆ ಮುಖ ತೋರಿಸುವುದು ನೀವು, ಅವರಲ್ಲ.

6. ಕಾಗದಪತ್ರ

ಮಾಡಬೇಕಾದ್ದು:

- ಉದ್ಯಮ್ ನೋಂದಣಿ ಉಚಿತ, ನೀವೇ ಮಾಡಿಕೊಳ್ಳಿ. ಹೊರದೇಶದಿಂದ ತರಿಸಲು ಆಮದು-ರಫ್ತು ಸಂಕೇತ ಸಂಖ್ಯೆ ಬೇಕು. ಜಿಎಸ್‌ಟಿ ನೋಂದಣಿಯನ್ನು ಲೆಕ್ಕಪರಿಶೋಧಕರ ಮೂಲಕ ಸರಿಯಾಗಿ ಮಾಡಿಸಿ.
- 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ಪೆಟ್ಟಿಗೆಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ಮೂಲದೇಶ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ತಯಾರಾದ ತಿಂಗಳು-ವರ್ಷ, ಒಳಗಿನ ವಾಚುಗಳ ಸಂಖ್ಯೆ, ದೂರು ಹೇಳಲು ಸಂಪರ್ಕ ಎಲ್ಲವೂ ಇರಲೇಬೇಕು.

ಮಾಡಬಾರದ್ದು:

- ದುಬೈಯಿಂದ ಬರುವ ಭಾವನ ಲಗೇಜಿನಲ್ಲಿ ಮಾರಾಟದ ಸರಕು ತರಿಸಬೇಡಿ. ಪ್ರಯಾಣಿಕರಿಗಿರುವ ರಿಯಾಯಿತಿ ಸ್ವಂತ ಬಳಕೆಯ ಸಾಮಾನಿಗೆ, ವ್ಯಾಪಾರಕ್ಕಲ್ಲ. ಬಜಪೆ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ನಿಮ್ಮ ಲಾಭದಾಸೆಗೆ ದುಡಿದು ಬಂದ ಅವರ ಮಾನ ಹೋಗುತ್ತದೆ.
- ಸ್ಮಾರ್ಟ್ ವಾಚನ್ನು ಸಾಮಾನ್ಯ ವಾಚಿನಂತೆ ತರಿಸಿ ಮಾರಬೇಡಿ. ಅದಕ್ಕೆ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಇದೆ.
- ಬೇರೆ ದೇಶದಲ್ಲಿ ಕೂಡಿಸಿದ್ದನ್ನು 'ನಮ್ಮೂರಿನಲ್ಲಿ ತಯಾರಾದದ್ದು' ಎನ್ನಬೇಡಿ. 'ನಮ್ಮೂರಿನಲ್ಲಿ ವಿನ್ಯಾಸ ಮಾಡಿದ್ದು' ಎಂಬುದು ನಿಜವಾದರೆ ಅಷ್ಟನ್ನೇ ಹೇಳಿ. ತಪ್ಪುದಾರಿಗೆಳೆಯುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಂಡವಿದೆ.

7. ರಿಪೇರಿ

ಇದನ್ನು ಕೊನೆಗೆ ಬರೆದಿದ್ದರೂ ಮೊದಲು ಮಾಡಬೇಕಾದ ಕೆಲಸ ಇದೇ.

ಮಾಡಬೇಕಾದ್ದು:

- ಸರಕಿಗೆ ಆರ್ಡರ್ ಕೊಡುವಾಗಲೇ ಬಿಡಿಭಾಗಕ್ಕೂ ಕೊಡಿ. ನೂರು ವಾಚಿಗೆ ಕನಿಷ್ಠ ಐದರಂತೆ ಮೆಷಿನ್, ಗ್ಲಾಸು, ಮುಳ್ಳಿನ ಜೋಡಿ, ಕೀ ಗುಂಡಿ, ಇನ್ನೂ ಹೆಚ್ಚು ವಾಶರ್ ಮತ್ತು ಬೆಲ್ಟಿನ ಪಿನ್ನು ತರಿಸಿ. ಅವು ಮಾರಾಟಕ್ಕಲ್ಲ.
- ಬಿ.ಸಿ. ರೋಡಿನಲ್ಲಿ ಒಬ್ಬರು, ಬೆಳ್ತಂಗಡಿಯಲ್ಲಿ ಒಬ್ಬರು, ಮೂಡುಬಿದಿರೆಯಲ್ಲಿ ಒಬ್ಬರು, ಹೀಗೆ ಮೂವರು ರಿಪೇರಿಯವರನ್ನು ಗೊತ್ತು ಮಾಡಿ. ವಾಚು ಮಾರುಕಟ್ಟೆಗೆ ಬರುವ ಮುನ್ನ ಅವರ ಮೇಜಿನ ಮೇಲೆ ಒಂದನ್ನು ಬಿಚ್ಚಿಸಿ. "ಇದನ್ನು ಮಳೆಗಾಲದಲ್ಲಿ ತೆರೆಯುವುದು ನೀವೇ. ಎಲ್ಲಿ ತಪ್ಪಿದೆ ಹೇಳಿ" ಎಂದು ಕೇಳಿ. ಕಣ್ಣಿಗೆ ಲೂಪು ಹಚ್ಚಿ ನಲವತ್ತು ವರ್ಷ ಕುಳಿತವರು ಹೇಳುವ ಹತ್ತು ಮಾತು ಕಾರ್ಖಾನೆಯ ನೂರು ಪುಟಕ್ಕಿಂತ ಹೆಚ್ಚು.
- ಗ್ಯಾರಂಟಿ ಕೆಲಸಕ್ಕೆ ಅವರಿಗೆ ಸರಿಯಾದ ಕೂಲಿಯನ್ನು ತಿಂಗಳು ತಪ್ಪದೆ ಕೊಡಿ. ಸೆಲ್ ಬದಲಿಸುವುದರಲ್ಲೇ ದಿನ ದೂಡುತ್ತಿರುವ ಆ ಕುಶಲಕರ್ಮಿಗಳಿಗೆ ನಿಮ್ಮ ಕಂಪನಿಯಿಂದ ನಾಲ್ಕು ಕೆಲಸ ಸಿಕ್ಕರೆ ಅವರ ಮೇಜು ಉಳಿಯುತ್ತದೆ. ಅವರ ಮೇಜು ಉಳಿದರೆ ನಿಮ್ಮ ಹೆಸರೂ ಉಳಿಯುತ್ತದೆ.

ಮಾಡಬಾರದ್ದು:

- 'ಕೊರಿಯರ್ ಮಾಡಿ, ಆರು ವಾರದಲ್ಲಿ ಬರುತ್ತದೆ' ಎನ್ನಬೇಡಿ. ಆರು ವಾರ ಬೋಳಾದ ಕೈ ಆರು ವರ್ಷ ನೆನಪಿಟ್ಟುಕೊಳ್ಳುತ್ತದೆ.
- ಜೀವಮಾನದ ಗ್ಯಾರಂಟಿ ಎಂಬ ಮಾತನ್ನು ಬಾಯಿಗೆ ತರಬೇಡಿ. ಎರಡು ವರ್ಷ ಎಂದು ಬರೆದು ಮೂರನೆಯ ವರ್ಷವೂ ನಗುಮುಖದಿಂದ ಮಾಡಿಕೊಡಿ.

ವರ್ಷದ ಲೆಕ್ಕ

ಇದಕ್ಕೆಲ್ಲ ನಮ್ಮ ಪಂಚಾಂಗವೇ ಸಾಕು. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ನಿಮ್ಮ ಹತ್ತು ಮಾದರಿ ವಾಚು ಕೈಗೆ ಬಂದಿರಲಿ. ಹತ್ತು ಜನರಿಗೆ ಕೊಡಿ: ಒಬ್ಬ ಬಸ್ಸಿನ ಕಂಡಕ್ಟರ್, ಒಬ್ಬ ಮೇಷ್ಟ್ರು, ಬೀಡಿ ಕಟ್ಟುವ ಒಬ್ಬ ಅಕ್ಕ, ತೋಟದ ಕೆಲಸದ ಒಬ್ಬರು, ಹೋಟೆಲಿನ ಒಬ್ಬರು, ಹೀಗೆ. ಆಟಿ ತಿಂಗಳ ಮಳೆಯಲ್ಲಿ ಅವರು ಅದನ್ನು ಕಟ್ಟಿಕೊಂಡು ದುಡಿಯಲಿ. ಸೋಣ ಬಂದಾಗ ಹತ್ತನ್ನೂ ವಾಪಸು ಪಡೆದು ಆ ಮೂವರು ರಿಪೇರಿಯವರ ಮುಂದೆ ತೆರೆಸಿ. ಗ್ಲಾಸಿನೊಳಗೆ ಒಂದೇ ಒಂದು ಹನಿ ಕಂಡರೂ ಆ ವರ್ಷ ಮಾರಾಟವಿಲ್ಲ. ತಪ್ಪು ತಿದ್ದಿಸಿ, ಇನ್ನೊಂದು ಆಟಿಗೆ ಕಾಯಿರಿ.

ಹತ್ತೂ ಒಣಗಿದ್ದರೆ, ಹತ್ತೂ ಓಡುತ್ತಿದ್ದರೆ, ಆಗ ಮಾತ್ರ ಕಾರ್ಖಾನೆಗೆ ಒಪ್ಪಿಗೆ ಕೊಡಿ. ಸರಕು ಈ ದೀಪಾವಳಿಗೆ ಬಾರದಿದ್ದರೆ ಮುಂದಿನ ದೀಪಾವಳಿ ಇದೆ. ಡಯಲ್ ಮೇಲೆ ನಿಮ್ಮ ಹೆಸರು ಅಚ್ಚಾಗುವುದು ಆ ದಿನ, ಅದಕ್ಕೆ ಮೊದಲಲ್ಲ.